ಓದುಗರ ಪ್ರಶ್ನೆ: ದಿನದ ಬದುಕಿನಲ್ಲಿ ದೇವರ ಗುರುತು ಹಿಡಿಯುವುದು ಹೇಗೆ?

ಪ್ರಶ್ನೆ: ಬೆಳಿಗ್ಗೆ 5ಕ್ಕೆ ಎದ್ದರೆ ತಿಂಡಿ, ಮಕ್ಕಳ ಡಬ್ಬಿ, ಅತ್ತೆಯವರ ಮಾತ್ರೆ, ಆಮೇಲೆ 9ರ ಬಸ್ಸು. ರಾತ್ರಿ ಜಪಸರ ಕೈಯಲ್ಲಿ ಹಿಡಿದ ಹಾಗೇ ನಿದ್ದೆ ಬಂದುಬಿಡುತ್ತದೆ. ದೇವರು ಸದಾ ಜೊತೆಗಿದ್ದಾರೆ ಎಂದು ಪ್ರಸಂಗದಲ್ಲಿ ಕೇಳುತ್ತೇನೆ, ನಂಬುತ್ತೇನೆ ಕೂಡ. ಆದರೆ ಇಡೀ ದಿನದಲ್ಲಿ ಒಂದು ಸಲವೂ ಹಾಗೆ ಅನ್ನಿಸುವುದಿಲ್ಲ. ನನ್ನ ನಂಬಿಕೆಯೇ ಸಾಲದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಂಬಿಕೆ ಸಾಕಷ್ಟಿದೆ. ನೀವು ನೋಡುತ್ತಿರುವ ಹೊತ್ತು ಮಾತ್ರ ಬೇರೆಯಾಗಬೇಕು. ಕೆಲಸದ ನಡುವೆಯೇ ದೇವರು ಗೊತ್ತಾಗಲಿ ಎಂದು ಕಾಯುತ್ತಿದ್ದೀರಿ. ಬೈಬಲಿನಲ್ಲಿ ಹಾಗೆ ಗೊತ್ತಾದವರು ಕಡಿಮೆ. ಯಾಕೋಬ ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ದೇವರು ಇಲ್ಲೇ ಇದ್ದರು, ನನಗೆ ತಿಳಿಯಲಿಲ್ಲ ಎಂದು ಅವನು ಹೇಳಿದ್ದು ಎದ್ದ ಮೇಲೆ (ಆದಿಕಾಂಡ 28:16). ಮೋಶೆಗೆ ಕಂಡದ್ದು ದಾಟಿ ಹೋಗುತ್ತಿದ್ದ ದೇವರ ಬೆನ್ನು, ಮುಖವಲ್ಲ (ವಿಮೋಚನಾಕಾಂಡ 33:23). ಎಮ್ಮಾವುಸ್ ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು, ಸತ್ತು ಎದ್ದುಬಂದ ಯೇಸುಸ್ವಾಮಿಯ ಪಕ್ಕದಲ್ಲೇ ಗುರುತು ಹಿಡಿಯದೆ ಮೈಲಿಗಟ್ಟಲೆ ನಡೆದರು. ರೊಟ್ಟಿ ಮುರಿದ ಗಳಿಗೆಯಲ್ಲಿ ಗುರುತು ಸಿಕ್ಕಿತು, ಆ ಗಳಿಗೆಯಲ್ಲೇ ಯೇಸುಸ್ವಾಮಿ ಕಣ್ಮರೆಯಾದರು. ದಾರಿಯಲ್ಲಿ ಅವರು ಮಾತಾಡುತ್ತಿದ್ದಾಗಲೇ ನಮ್ಮ ಎದೆ ಕುದಿಯುತ್ತಿತ್ತಲ್ಲವೇ ಎಂಬುದು ಆಮೇಲೆ ಹೊಳೆದ ಮಾತು (ಲೂಕ 24:32). ಗುರುತು ಸಿಗುವುದು ಹೆಚ್ಚಾಗಿ ತಿರುಗಿ ನೋಡಿದಾಗ. ಹಾಗಾಗಿ ನೀವು ಕಲಿಯಬೇಕಾದದ್ದು ತಿರುಗಿ ನೋಡುವ ಅಭ್ಯಾಸ.

ಇದಕ್ಕೆ ಚೊಕ್ಕವಾದ ಕ್ರಮ ಹಾಕಿಕೊಟ್ಟವರು ಸಂತ ಇಗ್ನೇಷಿಯಸ್ ಲೊಯೋಲ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಈ ಸ್ಪೇನಿನ ಯೋಧ ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದರು. ಕತ್ತಿವರಸೆಯ, ರಾಜವೈಭವದ ಹಗಲುಗನಸು ಕಾಣುವಾಗ ಹಿತ, ಮುಗಿದ ಮೇಲೆ ಮನಸ್ಸು ಬರಡು. ಸಂತರಂತೆ ಬದುಕುವ ಕನಸು ಕಾಣುವಾಗಲೂ ಹಿತ, ಮುಗಿದ ಮೇಲೂ ಹಿತ. ಈ ವ್ಯತ್ಯಾಸ ಅವರಿಗೆ ಸಿಕ್ಕಿದ್ದು ಕನಸಿನ ಹೊತ್ತಿನಲ್ಲಲ್ಲ, ಅದು ಮುಗಿದ ನಂತರ. ಅಲ್ಲಿಂದ ಬೆಳೆದದ್ದೇ ಅವರ ಧ್ಯಾನಸಾಧನೆಯ ಕ್ರಮ. ಮೂರನೆಯ ಪೌಲ್ ಪೋಪರು 1548ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಅದರೊಳಗಿನ ದಿನದ ಆತ್ಮಶೋಧನೆಗೆ ಐದು ಹಂತ. ಒಟ್ಟು 12ರಿಂದ 15 ನಿಮಿಷ ಸಾಕು.

ಮೊದಲ ಎರಡು ಮೂರು ನಿಮಿಷ ಕೃತಜ್ಞತೆಗೆ. ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ ವಂದನೆ ಎಂದು ಒಟ್ಟಾರೆ ಹೇಳಿ ಮುಗಿಸಬೇಡಿ, ಅದು ಮನಸ್ಸನ್ನು ಮುಟ್ಟುವುದಿಲ್ಲ. ಇವತ್ತೇ ನಡೆದ, ಕೈಯಿಟ್ಟು ತೋರಿಸಬಹುದಾದ ಮೂರು ಸಂಗತಿ ಹುಡುಕಿ: ಕಂಡಕ್ಟರ್ ಚಿಲ್ಲರೆಗೆ ಗೊಣಗಲಿಲ್ಲ, ಮಗಳು ಡಬ್ಬಿ ಖಾಲಿ ಮಾಡಿ ತಂದಳು, ಮಧ್ಯಾಹ್ನ ಮಳೆ ಬಿದ್ದು ತಂಪಾಯಿತು. ಆಮೇಲೆ ಅರ್ಧ ನಿಮಿಷ, ಬೆಳಕು ಬೇಡುವುದು: "ದೇವರೇ, ಈ ದಿನವನ್ನು ನೀನು ನೋಡಿದ ಹಾಗೆ ನನಗೆ ತೋರಿಸು." ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ದಿನಚರಿಯಾಗುತ್ತದೆ.

ಮೂರನೆಯದು ಮುಖ್ಯ, 5ರಿಂದ 6 ನಿಮಿಷ. ಎದ್ದ ಹೊತ್ತಿನಿಂದ ಶುರುಮಾಡಿ ಜಾಗದಿಂದ ಜಾಗಕ್ಕೆ ಹೋಗಿ: ಅಡುಗೆಮನೆ, ಬಸ್ ನಿಲ್ದಾಣ, ಕಚೇರಿ, ಸಂತೆ, ಮತ್ತೆ ಮನೆ. ಗಡಿಯಾರ ಹಿಡಿದು ಹೋದರೆ ನೆನಪು ತಡವರಿಸುತ್ತದೆ, ಜಾಗ ಹಿಡಿದು ಹೋದರೆ ಚಿತ್ರ ತಾನಾಗಿ ಬರುತ್ತದೆ. ಪ್ರತಿ ಜಾಗದಲ್ಲಿ ಎರಡೇ ಪ್ರಶ್ನೆ. ಎಲ್ಲಿ ಮನಸ್ಸು ಅರಳಿತು? ಎಲ್ಲಿ ಮುದುಡಿತು? ಎಲ್ಲವನ್ನೂ ಕೆದಕಬೇಡಿ, ಮನಸ್ಸು ಎಲ್ಲಿ ತಡೆದು ನಿಂತಿತೋ ಆ ಒಂದೇ ಗಳಿಗೆಯ ಮುಂದೆ ಕುಳಿತು, ಅದರಲ್ಲಿ ದೇವರು ಏನು ಕೊಡುತ್ತಿದ್ದರು, ನಾನು ಏನು ಮಾಡಿದೆ ಎಂದು ಕೇಳಿ. ನಾಲ್ಕನೆಯ ಹಂತದಲ್ಲಿ ತಪ್ಪಿದ್ದಕ್ಕೆ ಕ್ಷಮೆ ಬೇಡುವುದು. ಕೊನೆಗೆ ನಾಳೆಯ ಒಂದು ಗಂಟೆಯನ್ನು ಆರಿಸಿ, ಆ ಗಂಟೆಗೆ ಒಂದೇ ಒಂದು ಕೆಲಸ ನಿಶ್ಚಯಿಸುವುದು. 'ತಾಳ್ಮೆಯಿಂದಿರುತ್ತೇನೆ' ಎಂಬುದು ನಿಶ್ಚಯವಲ್ಲ. 'ಅತ್ತೆ ಮೂರನೇ ಸಲ ಅದೇ ಮಾತು ಕೇಳಿದರೂ ಒಲೆ ಬಿಟ್ಟು ತಿರುಗಿ ಉತ್ತರ ಕೊಡುತ್ತೇನೆ' ಎಂಬುದು ನಿಶ್ಚಯ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಿಂದ ಮುಗಿಸಿ.

ನಿಮ್ಮ ವೇಳಾಪಟ್ಟಿಗೆ ಇದು ಸಂಜೆಯ ಬಸ್ಸಿನಲ್ಲಿ ಹೊಂದುತ್ತದೆ. ರಾತ್ರಿಯವರೆಗೆ ತಳ್ಳಬೇಡಿ. ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೆ ಒಂದೇ ಸಾಲು ಬರೆದಿಡಿ, ಭಾನುವಾರ ಪೂಜೆಗೆ ಮುಂಚೆ ಏಳೂ ಸಾಲು ಒಟ್ಟಿಗೆ ಓದಿ. ಒಂದು ದಿನದ ಸಾಲು ಹೆಚ್ಚೇನೂ ಹೇಳದೇ ಇರಬಹುದು. ಏಳು ಸಾಲಿನಲ್ಲಿ ಒಂದೇ ಮುಖವೋ ಒಂದೇ ಜಾಗವೋ ಮೂರು ಸಲ ಬಂದಿದ್ದರೆ, ಅಲ್ಲಿ ನಿಮಗಾಗಿ ಯಾರೋ ಕಾಯುತ್ತಿದ್ದಾರೆ.

ಪ್ರಶ್ನೆ: ಧ್ಯಾನಕೂಟದಲ್ಲಿ ಈ ಆತ್ಮಶೋಧನೆ ಕಲಿಸಿದರು. 40 ದಿನದಿಂದ ಬಿಡದೆ ಮಾಡುತ್ತಿದ್ದೇನೆ. ಈಗ ರಾತ್ರಿಯಾದರೆ ಭಯ. ತಪ್ಪುಗಳ ಪಟ್ಟಿ ಬಿಟ್ಟರೆ ಬೇರೇನೂ ಬರುವುದಿಲ್ಲ. ಪಾಪನಿವೇದನೆ ಮಾಡಿ ಬಂದ ಮೇಲೂ ಏನೋ ಬಿಟ್ಟುಹೋಯಿತು ಅನ್ನಿಸುತ್ತದೆ.
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಶೋಧನೆ ನಾಲ್ಕನೆಯ ಹಂತದಲ್ಲಿ ಸಿಕ್ಕಿಹಾಕಿಕೊಂಡಿದೆ. ಬಹಳ ಜನರಿಗೆ ಹೀಗಾಗುತ್ತದೆ, ಶ್ರದ್ಧೆ ಹೆಚ್ಚಿದ್ದವರಿಗೇ ಹೆಚ್ಚು. ಕಾರಣ, ಪಾಪನಿವೇದನೆಗೆ ಮುಂಚೆ ಮಾಡುವ ಮನಸ್ಸಾಕ್ಷಿಯ ಪರೀಕ್ಷೆ ಮತ್ತು ಈ ದಿನದ ಶೋಧನೆ ಎರಡೂ ಒಂದೇ ಎಂದು ತಿಳಿಯುವುದು. ಅಲ್ಲಿ ಹುಡುಕುವುದು ಪಾಪವನ್ನು, ಇಲ್ಲಿ ಮೊದಲು ಹುಡುಕುವುದು ದೇವರನ್ನು.

ಇಗ್ನೇಷಿಯಸ್ ಅವರೇ 1522ರಲ್ಲಿ ಮನ್ರೇಸಾದಲ್ಲಿ ಈ ಸಂಶಯಪೀಡೆಯಲ್ಲಿ ಬೆಂದರು. ನಿವೇದಿಸಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸಿದರು, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋದರು. ಹಳೆಯ ಪಾಪಗಳನ್ನು ಇನ್ನು ಕೆದಕುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ ಬಿಡುಗಡೆ ಸಿಕ್ಕಿತು.

ಒಂದು ತಿಂಗಳು ಹೀಗೆ ಮಾಡಿ. ಅರ್ಧ ಸಮಯವನ್ನು ಕೃತಜ್ಞತೆಗೇ ಕೊಡಿ. ತಪ್ಪು ಒಂದೇ, ಎರಡನೆಯದು ನೆನಪಾದರೆ 'ನಾಳೆಗೆ' ಎಂದು ಬಿಟ್ಟುಬಿಡಿ. ಮೊಬೈಲಿನಲ್ಲಿ 12 ನಿಮಿಷಕ್ಕೆ ಅಲಾರಂ ಇಡಿ, ಹೊಡೆದ ತಕ್ಷಣ ಎದ್ದುಬಿಡಿ. ಪಾಪನಿವೇದನೆಗೆ ಒಬ್ಬರೇ ಗುರುಗಳ ಬಳಿ ಹೋಗಿ, 'ಇದು ಮುಗಿದ ವಿಷಯ' ಎಂದು ಅವರು ಹೇಳಿದ್ದನ್ನು ಮತ್ತೊಬ್ಬರ ಬಳಿ ತೆಗೆಯಬೇಡಿ. ಕೈ ತೊಳೆದದ್ದನ್ನೇ ತೊಳೆಯುವುದು, ಬಾಗಿಲ ಚಿಲಕ ಹತ್ತು ಸಲ ನೋಡುವುದು ಇವೂ ಜೊತೆಗಿದ್ದರೆ ಅದಕ್ಕೆ ಮನೋವೈದ್ಯರಲ್ಲಿ ಔಷಧಿಯೂ ಚಿಕಿತ್ಸೆಯೂ ಇದೆ. ತೋರಿಸಿಕೊಳ್ಳುವುದರಲ್ಲಿ ನಂಬಿಕೆಗೆ ಯಾವ ಕುಂದೂ ಇಲ್ಲ.

ಪ್ರಶ್ನೆ: ನನ್ನದು ಹಾಸ್ಟೆಲ್ ಅಡುಗೆ ಕೆಲಸ. ದಿನಾ 120 ಜನಕ್ಕೆ ಅನ್ನ, ಸಾರು, ಪಲ್ಯ. ಕೈ ಖಾಲಿ ಇರುವುದೇ ಇಲ್ಲ. ತಿರುಗಿ ನೋಡುವುದು ಸರಿ, ಕೆಲಸ ಮಾಡುತ್ತಲೇ ದೇವರನ್ನು ನೆನೆಯಲು ಆಗುವುದಿಲ್ಲವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಆಗುತ್ತದೆ, ಮತ್ತು ಈ ವಿಷಯದಲ್ಲಿ ಗುರುವಾಗಿರುವವರೂ ಅಡುಗೆಯವರೇ. ಬ್ರದರ್ ಲಾರೆನ್ಸ್ 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠಕ್ಕೆ ಸೇರಿದರು. ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿದು, ಕಾಲುನೋವು ಹೆಚ್ಚಿದ ಮೇಲೆ ಮಠದವರ ಚಪ್ಪಲಿ ಹೊಲಿಯುತ್ತಾ, 1691ರಲ್ಲಿ ತೀರಿಕೊಂಡರು. ಅಡುಗೆ ಕೆಲಸ ಅವರಿಗೆ ಒಗ್ಗುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಬಾಣಲೆಯಲ್ಲಿ ಮೊಟ್ಟೆ ದೋಸೆ ಮಗುಚುವುದನ್ನೂ ದೇವರ ಪ್ರೀತಿಗಾಗಿ ಮಾಡುತ್ತೇನೆ ಎಂಬ ಅರ್ಥದ ಮಾತು ಅವರದು. ಇದು ಸಲೀಸಾಗಿ ಬಂದದ್ದೂ ಅಲ್ಲ, ಮೊದಲ ಹತ್ತು ವರ್ಷ ತುಂಬ ಕಷ್ಟಪಟ್ಟೆ ಎಂದು ಅವರೇ ಹೇಳಿಕೊಂಡಿದ್ದಾರೆ.

'ಇಡೀ ದಿನ ನೆನೆಯುತ್ತೇನೆ' ಎಂದು ಹೊರಟರೆ ಮೂರನೇ ದಿನಕ್ಕೆ ಕೈಬಿಡುತ್ತೀರಿ. ದಿನಕ್ಕೆ ತಪ್ಪದೆ ಬರುವ ಮೂರು ಕೆಲಸಗಳಿಗೆ ನೆನಪನ್ನು ಕಟ್ಟಿಹಾಕಿ. ಒಲೆ ಹಚ್ಚುವಾಗ ಒಮ್ಮೆ, ಅಕ್ಕಿ ತೊಳೆದ ನೀರು ಬಸಿಯುವಾಗ ಒಮ್ಮೆ, ಮೊದಲ ತಟ್ಟೆಗೆ ಬಡಿಸುವಾಗ ಒಮ್ಮೆ. ಮಾತು ಒಂದು ಉಸಿರಿಗಿಂತ ಉದ್ದ ಬೇಡ: "ಯೇಸುವೇ, ಕರುಣಿಸು." ಅಥವಾ 70ನೇ ಕೀರ್ತನೆಯ ಮೊದಲ ಸಾಲಿನಂತೆ, "ದೇವರೇ, ನನ್ನ ನೆರವಿಗೆ ಬೇಗ ಬಾ." ಈಜಿಪ್ಟಿನ ಸನ್ಯಾಸಿಗಳು ಹೀಗೆ ಬಾಣ ಬಿಟ್ಟಂತೆ ಚುಟುಕಾಗಿ, ಪದೇ ಪದೇ ಪ್ರಾರ್ಥಿಸುತ್ತಿದ್ದರು ಎಂದು ಸಂತ ಅಗಸ್ಟೀನರು ಬರೆದಿದ್ದಾರೆ. ಉದ್ದದ ಪ್ರಾರ್ಥನೆಯಲ್ಲಿ ಗಮನ ಮೊಂಡಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಒಂದು ತಿಂಗಳವರೆಗೆ ಮಾತು ಬದಲಿಸಬೇಡಿ. ದಿನಕ್ಕೊಂದು ಮಾತು ಹಿಡಿದರೆ ಯಾವುದೂ ನಾಲಗೆಗೆ ಕೂರುವುದಿಲ್ಲ. ಮರೆತದ್ದು ಸಂಜೆ ನೆನಪಾದರೆ ನಿಮ್ಮನ್ನು ನೀವು ಬೈದುಕೊಳ್ಳುತ್ತಾ ಕೂರಬೇಡಿ, ನೆನಪಾದ ಕಡೆಯಿಂದಲೇ ಹಿಡಿಯಿರಿ. ಲಾರೆನ್ಸರು ಮಾಡುತ್ತಿದ್ದುದೂ ಅದನ್ನೇ.

ಕನ್ನಡದ ಕಿವಿಗೆ ಇಲ್ಲಿ 'ಕಾಯಕವೇ ಕೈಲಾಸ' ಕೇಳಿಸುತ್ತದೆ. ಹತ್ತಿರದ ಮಾತು ನಿಜ. ಆದರೆ ಲಾರೆನ್ಸರ ಒತ್ತು ಕೆಲಸದ ಮೇಲಿಲ್ಲ, ಕೆಲಸದಲ್ಲಿ ಸಿಗುವ ಸಂಗದ ಮೇಲಿದೆ. ಅದಕ್ಕೇ ಚಪ್ಪಲಿ ಹೊಲಿಯುವಾಗಲೂ ಅವರಿಗೆ ಅಡುಗೆಮನೆಯಲ್ಲಿ ಸಿಕ್ಕಿದ್ದೇ ಸಿಕ್ಕಿತು.

ಪ್ರಶ್ನೆ: ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಚೀಟಿ ಎತ್ತಿದೆ. ಅಬ್ರಹಾಮನಿಗೆ ದೇವರು ಹೇಳಿದ್ದು ಬಂತು: ಸ್ವದೇಶ ಬಿಟ್ಟು ನಾನು ತೋರಿಸುವ ದೇಶಕ್ಕೆ ಹೊರಡು. ಅದೇ ವಾರ ದುಬೈನಲ್ಲಿರುವ ಸ್ನೇಹಿತ ಕೆಲಸ ಖಾಲಿ ಇದೆ ಎಂದು ಫೋನ್ ಮಾಡಿದ. ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಡಲು ಹೊರಟಿದ್ದೇನೆ. ಇದು ದೇವರ ಸೂಚನೆಯೇ, ನನ್ನದೇ ಆಸೆಯೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ರಾಜೀನಾಮೆ ಪತ್ರವನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಡಿ. ಚೀಟಿಯ ವಚನ ದೇವರ ವಾಕ್ಯ, ಸಂಶಯವಿಲ್ಲ. ಆದರೆ ಅದೇ ಬುಟ್ಟಿಯಿಂದ ನಿಮ್ಮ ಪಕ್ಕದವರಿಗೆ 'ಸುಮ್ಮನಿದ್ದು ನಾನೇ ದೇವರೆಂದು ತಿಳಿಯಿರಿ' ಎಂಬ 46ನೇ ಕೀರ್ತನೆಯ ಮಾತು ಬಂದಿರಬಹುದು. ಎರಡೂ ವಾಕ್ಯವೇ, ಎರಡೂ ವರ್ಗಾವಣೆಯ ಆದೇಶವಲ್ಲ. ಎರಡು ಸಂಗತಿ ಒಟ್ಟಿಗೆ ಬಂದದ್ದು ಗಮನಿಸಲು ಕಾರಣ, ತೀರ್ಮಾನಿಸಲು ಸಾಲದು. ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಪೌಲ ಬರೆದಿದ್ದಾನೆ (1 ಥೆಸಲೋನಿಕ 5:21). ಪರೀಕ್ಷಿಸಲು ಇಗ್ನೇಷಿಯಸರ ದಾರಿಯಲ್ಲಿ ನಾಲ್ಕು ಮೆಟ್ಟಿಲು.

ಒಂದು, ಮನಸ್ಸು ಕುಸಿದಿರುವಾಗ ತೀರ್ಮಾನ ಬದಲಿಸಬಾರದು. ಇಲ್ಲಿಯ ಮೇಲಧಿಕಾರಿಯ ಜೊತೆ ಜಗಳವಾಗಿ ರೋಸಿಹೋಗಿದ್ದರೆ ಅದು ತಣಿಯುವವರೆಗೆ ಕಾಯಿರಿ. ಎರಡು, ನಾಲ್ಕು ಪಟ್ಟಿ ಬರೆಯಿರಿ: ಹೋದರೆ ಲಾಭ, ಹೋದರೆ ಅಪಾಯ, ಇದ್ದರೆ ಲಾಭ, ಇದ್ದರೆ ಅಪಾಯ. ಸಾಲ ಎಷ್ಟು, ತಾಯ್ತಂದೆಯರನ್ನು ಯಾರು ನೋಡುತ್ತಾರೆ, ಕೆಲಸದ ಕರಾರು ಬರಹದಲ್ಲಿದೆಯೇ, ಹೆಂಡತಿಗೆ ಮನಸ್ಸಿದೆಯೇ ಎಲ್ಲವೂ ಅಲ್ಲಿ ಬರಬೇಕು. ಇವುಗಳನ್ನು ನೋಡಲೊಪ್ಪದ 'ಸೂಚನೆ'ಯನ್ನು ನಂಬಬೇಡಿ. ಮೂರು, ನಿಮಗೆ ಪರಿಚಯವೇ ಇಲ್ಲದ ಒಬ್ಬರು ಇದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತಿದ್ದಿರಿ? ಸಾಯುವ ಹೊತ್ತಿನಲ್ಲಿ ಯಾವುದನ್ನು ಆರಿಸಿದ್ದರೆ ಚೆನ್ನಿತ್ತು ಅನ್ನಿಸೀತು? ಇವೆರಡೂ ಅವರೇ ಕೊಟ್ಟ ಪ್ರಶ್ನೆಗಳು.

ನಾಲ್ಕನೆಯದಕ್ಕೆ ಒಂದು ವಾರ ಬೇಕು. ಮೂರು ದಿನ ಹೋಗುವುದೇ ನಿಶ್ಚಯ ಎಂಬಂತೆ ಬದುಕಿ, ಆಮೇಲೆ ಮೂರು ದಿನ ಇರುವುದೇ ನಿಶ್ಚಯ ಎಂಬಂತೆ. ಯಾರಿಗೂ ಹೇಳಬೇಡಿ. ಪ್ರತಿ ಸಂಜೆ ಮನಸ್ಸಿನ ಸ್ಥಿತಿ ಒಂದು ಸಾಲು ಬರೆಯಿರಿ. ಏಳನೇ ದಿನ ಆ ಸಾಲುಗಳನ್ನು ಗಲಾತ್ಯ 5:22-23ರ ಪಕ್ಕದಲ್ಲಿಟ್ಟು ಓದಿ: ಪ್ರೀತಿ, ಸಂತೋಷ, ಶಾಂತಿ, ತಾಳ್ಮೆಯಿಂದ ಹಿಡಿದು ಸಂಯಮದವರೆಗೆ ಒಂಬತ್ತು ಫಲಗಳು ಅಲ್ಲಿವೆ. ದೇವರ ಕಡೆ ನಡೆಯುತ್ತಿರುವವರಿಗೆ ಒಳ್ಳೆಯ ಪ್ರೇರಣೆ ಸ್ಪಂಜಿಗೆ ನೀರಿನ ಹನಿ ಇಳಿದ ಹಾಗೆ, ಕೆಟ್ಟದ್ದು ಕಲ್ಲಿನ ಮೇಲೆ ನೀರು ಬಡಿದ ಹಾಗೆ ಎಂದು ಇಗ್ನೇಷಿಯಸ್ ಹೇಳುತ್ತಾರೆ. 'ಇವತ್ತೇ ಮಾಡು, ಯಾರನ್ನೂ ಕೇಳಬೇಡ' ಎಂದು ಒಳಗಿನಿಂದ ಯಾವುದಾದರೂ ತಳ್ಳುತ್ತಿದ್ದರೆ ಆ ಸದ್ದು ಕಲ್ಲಿನದು. ಆರೂ ಸಾಲನ್ನು ನಿಮ್ಮ ಸಭಾಪಾಲಕರಿಗೋ ಹಿರಿಯರೊಬ್ಬರಿಗೋ ತೋರಿಸಿದ ಮೇಲೆ ತೀರ್ಮಾನಿಸಿ.

ಪ್ರಶ್ನೆ: ಇದೆಲ್ಲ ಕಣ್ಣುಮುಚ್ಚಿ ಒಳಗೆ ನೋಡಿಕೊಳ್ಳುವುದಾಯಿತು. ಬೀದಿಯಲ್ಲಿ ಹಸಿದವರಿದ್ದಾಗ ಇದಕ್ಕೆ ಅರ್ಥವಿದೆಯೇ?
– ಓದುಗರೊಬ್ಬರು, ಕೋಲಾರ

ಉತ್ತರ: ಬೀದಿಗೆ ಕರೆದೊಯ್ಯದಿದ್ದರೆ ಅರ್ಥವಿಲ್ಲ. ಮತ್ತಾಯ 25ರ ಕೊನೆಯ ತೀರ್ಪಿನಲ್ಲಿ ನೀತಿವಂತರಿಗೂ ಹಸಿದವರಲ್ಲಿ ಕ್ರಿಸ್ತನ ಗುರುತು ಸಿಕ್ಕಿರಲಿಲ್ಲ. ಸ್ವಾಮೀ, ನೀವು ಹಸಿದಿದ್ದನ್ನು ನಾವು ಯಾವಾಗ ಕಂಡೆವು ಎಂದು ಅವರೂ ಕೇಳುತ್ತಾರೆ. ಗುರುತಿಲ್ಲದೆಯೇ ಅನ್ನ ಕೊಟ್ಟವರು ಅವರು. ಕ್ರಿಸ್ತನನ್ನು ದೇವಾಲಯದೊಳಗೆ ರೇಷ್ಮೆಯಿಂದ ಗೌರವಿಸಿ, ಹೊರಗೆ ಬಟ್ಟೆಯಿಲ್ಲದೆ ಚಳಿಯಲ್ಲಿ ನಡುಗಲು ಬಿಡಬೇಡಿ ಎಂದು ಸಂತ ಜಾನ್ ಕ್ರಿಸೊಸ್ತೊಮರು ಮತ್ತಾಯನ ಸುವಾರ್ತೆಯ ಮೇಲಿನ ಪ್ರಸಂಗದಲ್ಲಿ ಗುಡುಗಿದ್ದಾರೆ. ಆದ್ದರಿಂದ ಸಂಜೆಯ ಶೋಧನೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ಇವತ್ತು ಯಾರ ಮುಖ ನೋಡದೆ ದಾಟಿ ಬಂದೆ? ಕಸ ಒಯ್ಯುವವರ ಹೆಸರು ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆಯ ನಿಶ್ಚಯ ಸಿದ್ಧವಾಯಿತು.

ಪ್ರಶ್ನೆ: ತಾಯಿ ತೀರಿಕೊಂಡು ಎಂಟು ತಿಂಗಳು. ಪೂಜೆಗೆ ಹೋಗುತ್ತೇನೆ, ಪರಮಪ್ರಸಾದ ಸ್ವೀಕರಿಸುತ್ತೇನೆ, ಗೋಡೆಯ ಜೊತೆ ಮಾತಾಡಿದ ಹಾಗಿದೆ. ದೇವರು ಬಿಟ್ಟುಹೋದರೇ?
– ಓದುಗರೊಬ್ಬರು, ಉಡುಪಿ

ಉತ್ತರ: ಇಲ್ಲ. ನಿಮ್ಮ ಮಾತಿಗೆ ಬೈಬಲಿನಲ್ಲೇ ಜಾಗವಿದೆ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದು ಪ್ರಾರ್ಥನೆಯೇ. ಮದರ್ ತೆರೇಸಾ ದಶಕಗಳ ಕಾಲ ಇಂಥದೇ ಬರಡುತನದಲ್ಲಿ ಇದ್ದರೆಂಬುದು ಅವರ ಪತ್ರಗಳಿಂದ ಲೋಕಕ್ಕೆ ತಿಳಿಯಿತು. ಆ ವರ್ಷಗಳಲ್ಲೂ ಅವರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಅನ್ನಿಸುವುದು ಬೇರೆ, ಇರುವುದು ಬೇರೆ. ಈಗ ಹೊಸ ಭಕ್ತಿ, ಹೊಸ ವ್ರತ ಯಾವುದೂ ಬೇಡ, ಇರುವುದನ್ನೇ ಉಳಿಸಿಕೊಳ್ಳಿ. 15 ನಿಮಿಷ ಪ್ರಾರ್ಥಿಸುವುದಾದರೆ 15ನ್ನೇ ಮಾಡಿ, ಮೇಲೆ ಒಂದು ನಿಮಿಷ ಕೂರಿ. ಬರಡು ದಿನಗಳಲ್ಲಿ ಹೊತ್ತು ಮೊಟಕು ಮಾಡುವ ಬದಲು ತುಸು ಹೆಚ್ಚೇ ಕೂರಬೇಕು ಎಂಬುದು ಹಳೆಯ ಸಲಹೆ. ತಾಯಿಯ ನೆನಪು ನುಗ್ಗಿ ಬಂದರೆ ಅದನ್ನು ಅಡ್ಡಿ ಎಂದುಕೊಳ್ಳಬೇಡಿ, ಅದನ್ನೇ ಹೇಳಿ. ಅತ್ತರೆ ಅದೂ ಪ್ರಾರ್ಥನೆಯೇ. ಸ್ನೇಹಿತ ಲಾಜರನ ಸಮಾಧಿಯ ದಾರಿಯಲ್ಲಿ ಯೇಸುಸ್ವಾಮಿಯೂ ಅತ್ತರು.

ಒಂದನ್ನು ಬೇರ್ಪಡಿಸಿ ನೋಡಿ. ಪ್ರಾರ್ಥನೆ ಮಾತ್ರ ರುಚಿಸದಿದ್ದರೆ ಅದು ಆತ್ಮದ ಬರಡು. ಊಟ, ನಿದ್ದೆ, ಕೆಲಸ, ಮೊದಲು ಇಷ್ಟವಿದ್ದ ಎಲ್ಲವೂ ಎರಡು ವಾರಕ್ಕಿಂತ ಹೆಚ್ಚು ಬೇಡವಾಗಿದ್ದರೆ ಖಿನ್ನತೆ ಇರಬಹುದು, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಬದುಕೇ ಬೇಡ ಅನ್ನಿಸಿದ್ದರೆ ಇವತ್ತೇ ಕರೆ ಮಾಡಿ, ರಾತ್ರಿ ಒಬ್ಬರೇ ಇರಬೇಡಿ.

ಪ್ರಶ್ನೆ: ಆರು ಮತ್ತು ಒಂಬತ್ತು ವರ್ಷದ ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಊಟದ ಹೊತ್ತಿನಲ್ಲಿ, ಐದು ನಿಮಿಷದೊಳಗೆ. ಇವತ್ತು ಯಾವುದಕ್ಕೆ ಖುಷಿಯಾಯಿತು? ಯಾವುದಕ್ಕೆ ಬೇಜಾರಾಯಿತು? ಯಾರಿಗೆ ಸಾರಿ ಹೇಳಬೇಕು? ದೊಡ್ಡವರೂ ಉತ್ತರ ಕೊಡಬೇಕು, ಇಲ್ಲದಿದ್ದರೆ ಅದು ವಿಚಾರಣೆಯಾಗುತ್ತದೆ. ಮಗು ಹೇಳಿದ ತಪ್ಪಿಗೆ ಅಲ್ಲಿ ಬೈದರೆ ಮರುದಿನದಿಂದ ಬಾಯಿ ಬಿಡುವುದಿಲ್ಲ. ನಿಮ್ಮ ಊರಿನಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬವೇ (ಮಾತೆ ಮರಿಯಳ ಜನ್ಮದಿನದ, ಹೊಸ ತೆನೆಯ ಹಬ್ಬ) ಒಳ್ಳೆಯ ಪಾಠ. ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮಕ್ಕಳ ಕೈಯಿಂದಲೇ ಸುಲಿಸಿ ಹಾಲಿಗೋ ಪಾಯಸಕ್ಕೋ ಹಾಕಿಸಿ. ಈ ಅನ್ನ ಯಾರು ಯಾರ ಕೈ ದಾಟಿ ತಟ್ಟೆಗೆ ಬಂತು ಎಂದು ಅವರೇ ಎಣಿಸಲಿ.

ಪ್ರಶ್ನೆ: ನಾನು ನರ್ಸ್, ತಿಂಗಳಿಗೆ ಹತ್ತು ದಿನ ರಾತ್ರಿ ಪಾಳಿ. ನನಗೆ ದಿನ ಎಲ್ಲಿಂದ ಶುರು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆದಿಕಾಂಡದ ಸೃಷ್ಟಿಯಲ್ಲಿ ಸಂಜೆ ಮೊದಲು, ಬೆಳಗು ಆಮೇಲೆ. ರಾತ್ರಿ ಪಾಳಿಯವರಿಗೆ ಇದು ಹೇಳಿ ಬರೆಸಿದ ಹಾಗಿದೆ. ನೀವು ಎದ್ದ ಹೊತ್ತಿನಿಂದ ಎಣಿಸಿ. ಶೋಧನೆಯನ್ನು ಪಾಳಿ ಒಪ್ಪಿಸಿದ ಕೂಡಲೇ, ಮನೆಯ ಬಸ್ಸು ಹತ್ತುವ ಮೊದಲು, 8 ನಿಮಿಷದಲ್ಲಿ ಮುಗಿಸಿ. ಹಾಸಿಗೆ ಸೇರಿದ ಮೇಲೆ ಆಗದು. ಜಾಗದ ಬದಲು ಬೆಡ್ ಸಂಖ್ಯೆಯಿಂದ ನೆನಪಿಸಿಕೊಳ್ಳುತ್ತಾ ಹೋಗಿ, ಪ್ರತಿ ಸಂಖ್ಯೆಗೆ ಅವರ ಹೆಸರು ಸೇರಿಸಿ. ಪಾಳಿಯ ನಡುವೆ ಪ್ರಾರ್ಥನೆಗೆ ಬಿಡುವು ಸಿಗುವುದಿಲ್ಲ, ಆದರೆ ರೋಗಿಯನ್ನು ಮುಟ್ಟುವ ಮುನ್ನ ಕೈಗೆ ಸ್ಯಾನಿಟೈಸರ್ ಹಚ್ಚಿ ಉಜ್ಜಲೇಬೇಕಾದ 20ರಿಂದ 30 ಸೆಕೆಂಡ್ ಹೇಗೂ ಇದೆ. ಆ ಹೊತ್ತಿನಲ್ಲಿ ಮುಂದಿರುವವರ ಹೆಸರು ಹೇಳಿ, "ಯೇಸುವೇ, ಇವರಲ್ಲಿ ನೀನಿದ್ದೀಯೆ" ಎನ್ನಿ. ಕೈ ಒಣಗುವವರೆಗೆ ಅದನ್ನೇ ಹೇಳುತ್ತಿರಿ.